ಎಫ್‌ಎಂಆರ್‌ಐ ಕಾಂಟ್ರಾಸ್ಟ್ ಎಲ್ಲಿ ಕೈಕೊಡುತ್ತದೆ: ದೋಷ ನಿವಾರಣೆ ಕೈಪಿಡಿ

ಎಫ್‌ಎಂಆರ್‌ಐ, ಅಂದರೆ ಮಿದುಳಿನ ಚಟುವಟಿಕೆ ಅಳೆಯುವ ಸ್ಕ್ಯಾನ್. ಅದರ ಪ್ರಿಪ್ರೊಸೆಸಿಂಗ್‌ನಲ್ಲಿ (ಚಿತ್ರಗಳನ್ನು ವಿಶ್ಲೇಷಣೆಗೆ ಸಿದ್ಧಪಡಿಸುವ ಹಂತ) ಎಡವಟ್ಟಾದರೆ ಕಣ್ಣಿಗೆ ಕಾಣುತ್ತದೆ. ಮಿದುಳು ಸೊಟ್ಟಗಾಗಿರುತ್ತದೆ, ಮೇಲ್ಭಾಗ ಕತ್ತರಿಸಿಹೋಗಿರುತ್ತದೆ, ಇಲ್ಲವೇ ಟೆಂಪ್ಲೇಟಿನ ಮೇಲೆ ಕೂರುವುದೇ ಇಲ್ಲ. ಕಾಂಟ್ರಾಸ್ಟ್, ಅಂದರೆ ಪ್ರಯೋಗದ ಸನ್ನಿವೇಶಗಳನ್ನು ಹೋಲಿಸಲು ಕೊಡುವ ತೂಕಗಳ ಸಾಲು, ತಪ್ಪಿದರೆ ಹಾಗಲ್ಲ. ತಂತ್ರಾಂಶ ನೀವು ಕೊಟ್ಟ ತೂಕಗಳನ್ನು ಬೀಟಾಗಳಿಗೆ (ಪ್ರತಿ ಕಾಲಂಗೆ ಅಂದಾಜಿಸಿದ ಸ್ಪಂದನೆಯ ಪ್ರಮಾಣ) ಗುಣಿಸಿ, ಕೂಡಿಸಿ, ಚೆಂದದ ಕೆಂಪು-ಹಳದಿ ನಕ್ಷೆಯೊಂದನ್ನು ಮುಂದಿಡುತ್ತದೆ. ಅದು ನೀವು ಕೇಳಿದ ಪ್ರಶ್ನೆಯ ಉತ್ತರವೋ ಪಕ್ಕದ ಕಾಲಂನ ಉತ್ತರವೋ ಎಂಬುದು ಅದಕ್ಕೆ ಗೊತ್ತಿಲ್ಲ. ಎರರ್ ಮೆಸೇಜ್ ಬಂದರೆ ಅದೃಷ್ಟ ಎಂದುಕೊಳ್ಳಿ. ಬಹುಪಾಲು ದೋಷಗಳಿಗೆ ಅದೂ ಬರುವುದಿಲ್ಲ.

ಇಲ್ಲಿರುವುದು ಎಸ್‌ಪಿಎಂ, ಎಫ್‌ಎಸ್‌ಎಲ್, ಎಎಫ್‌ಎನ್‌ಐ, ನೈಲರ್ನ್ ಎಂಬ ವಿಶ್ಲೇಷಣಾ ತಂತ್ರಾಂಶಗಳನ್ನು ಬಳಸುವವರಿಗೆ. ಡಿಸೈನ್ ಮ್ಯಾಟ್ರಿಕ್ಸ್ (ಯಾವಾಗ ಏನು ನಡೆಯಿತು ಎಂಬುದನ್ನು ಕಾಲಂಗಳಾಗಿ ಇಟ್ಟ ಕೋಷ್ಟಕ) ಎಂದರೇನು, ಬೀಟಾ ಎಂದರೇನು ಎಂಬುದು ಗೊತ್ತಿದೆ ಎಂದುಕೊಂಡೇ ಮುಂದುವರಿಯುತ್ತೇವೆ. ಉದಾಹರಣೆಗಳಲ್ಲಿ ಮುಖಗಳ ಚಿತ್ರ, ಮನೆಗಳ ಚಿತ್ರ ಎಂಬ ಎರಡು ಕಂಡೀಷನ್‌ಗಳನ್ನೇ (ಪ್ರಯೋಗದ ಸನ್ನಿವೇಶಗಳು) ಹೆಚ್ಚಾಗಿ ಬಳಸಿದ್ದೇವೆ.

ಎಲ್ಲಕ್ಕಿಂತ ಮೊದಲು: ತೂಕದ ಪಕ್ಕದಲ್ಲಿ ಹೆಸರು

ಯಾವ ಲಕ್ಷಣವೇ ಇರಲಿ, ಮೊದಲ ಹೆಜ್ಜೆ ಒಂದೇ. ಕಾಂಟ್ರಾಸ್ಟ್ ವೆಕ್ಟರಿನಲ್ಲಿ ಸೊನ್ನೆಯಲ್ಲದ ಪ್ರತಿ ತೂಕವನ್ನೂ ಅದು ಬಿದ್ದಿರುವ ಕಾಲಂನ ಹೆಸರಿನ ಜೊತೆ ಪ್ರಿಂಟ್ ಮಾಡಿ. ಎಸ್‌ಪಿಎಂನಲ್ಲಿ ಕಾಲಂ ಹೆಸರುಗಳು ಎಸ್‌ಪಿಎಂ.ಮ್ಯಾಟ್ ಫೈಲಿನೊಳಗೆ ಡಿಸೈನ್ ಭಾಗದಲ್ಲೇ ಇರುತ್ತವೆ, ತೂಕಗಳು ಕಾಂಟ್ರಾಸ್ಟ್ ಭಾಗದಲ್ಲಿ. ಎರಡನ್ನೂ ಪಕ್ಕಪಕ್ಕ ಇಡಲು ಮ್ಯಾಟ್‌ಲ್ಯಾಬ್‌ನಲ್ಲಿ ನಾಲ್ಕು ಸಾಲು ಸಾಕು. ನೈಲರ್ನ್‌ನಲ್ಲಿ ಡಿಸೈನ್ ಮ್ಯಾಟ್ರಿಕ್ಸ್ ಎಂಬುದು ಹೆಸರುಳ್ಳ ಕಾಲಂಗಳ ಪಟ್ಟಿಯೇ ಆದ್ದರಿಂದ ಇನ್ನೂ ಸುಲಭ. ಒಬ್ಬ ಸಬ್ಜೆಕ್ಟಿನದನ್ನು ನೋಡಿ ಸುಮ್ಮನಾಗಬೇಡಿ. ಎಲ್ಲರದನ್ನೂ ಒಂದೇ ಪಟ್ಟಿಯಲ್ಲಿ ತೆಗೆದರೆ ಬೇರೆಯಾಗಿರುವ ಸಾಲು ತಾನಾಗಿ ಎದ್ದು ಕಾಣುತ್ತದೆ.

ಇದರ ಬದಲು ಡಿಸೈನ್ ಮ್ಯಾಟ್ರಿಕ್ಸಿನ ಬೂದು ಚಿತ್ರ ನೋಡಿ "ಸರಿ ಇದೆ" ಎನ್ನುವ ಅಭ್ಯಾಸ ಬಹಳ ಕಡೆ ಇದೆ. ಎಂಟು-ಹತ್ತು ಕಾಲಂ ಇದ್ದಾಗ ಅದು ನಡೆಯುತ್ತದೆ. ನಲವತ್ತು ಕಾಲಂ ಇದ್ದಾಗ 19ನೆಯದು ಯಾವುದು, 20ನೆಯದು ಯಾವುದು ಎಂದು ಯಾರ ಕಣ್ಣಿಗೂ ತಿಳಿಯದು.

ಬಹಳ ಜನರದು ಸರಿ, ಒಬ್ಬಿಬ್ಬರದು ಮಾತ್ರ ವಿಚಿತ್ರ

ಕಾಲಂ ಜಾರಿದೆ ಎಂದೇ ಮೊದಲು ಅನುಮಾನಿಸಿ. ಇದು ಅತಿ ಸಾಮಾನ್ಯ, ಅತಿ ಮೌನಿ. ಹತ್ತಿರದಿಂದ ನೋಡೋಣ.

ಪ್ರತಿ ರನ್‌ನಲ್ಲಿ (ನಿಲ್ಲಿಸದೆ ನಡೆಯುವ ಒಂದು ಸರದಿಯ ಸ್ಕ್ಯಾನ್, ಎಸ್‌ಪಿಎಂ ಭಾಷೆಯಲ್ಲಿ ಸೆಷನ್) ಮೂರು ಕಂಡೀಷನ್: ಮುಖ, ಮನೆ, ತಪ್ಪುತ್ತರ. ಜೊತೆಗೆ 6 ತಲೆ ಚಲನೆಯ ಕಾಲಂ. ಒಟ್ಟು 9. ನಾಲ್ಕು ರನ್‌ಗೆ 36. ಎಸ್‌ಪಿಎಂ ಪ್ರತಿ ಸೆಷನ್ನಿನ ಕಂಡೀಷನ್‌ಗಳನ್ನೂ ಅದರ ಚಲನೆಯ ಕಾಲಂಗಳನ್ನೂ ಒಟ್ಟಿಗಿಟ್ಟು, ಸ್ಥಿರಾಂಕದ ಕಾಲಂಗಳನ್ನು (ಸೆಷನ್ನಿನ ಸರಾಸರಿ ಮಟ್ಟ ಹಿಡಿಯುವಂಥವು) ಮಾತ್ರ ಎಲ್ಲ ಸೆಷನ್ ಮುಗಿದ ಮೇಲೆ ಬಲತುದಿಗೆ ಹಾಕುತ್ತದೆ. ಆದ್ದರಿಂದ 37ರಿಂದ 40 ಸ್ಥಿರಾಂಕ. ಮುಖ ಮೈನಸ್ ಮನೆ ಬೇಕೆಂದರೆ 1, 10, 19, 28ನೇ ಕಾಲಂಗೆ +1. 2, 11, 20, 29ನೇ ಕಾಲಂಗೆ −1.

ಒಬ್ಬ ಸಬ್ಜೆಕ್ಟ್ ಎರಡನೇ ರನ್‌ನಲ್ಲಿ ಒಂದೂ ತಪ್ಪು ಮಾಡಲಿಲ್ಲ ಎನ್ನಿ. ತಪ್ಪುತ್ತರದ ಆನ್‌ಸೆಟ್ (ಶುರುವಾದ ಸಮಯ) ಪಟ್ಟಿ ಖಾಲಿ. ಖಾಲಿ ಕಂಡೀಷನ್ ಕೊಟ್ಟರೆ ಗಲಾಟೆ ಎಂದು ಸ್ಕ್ರಿಪ್ಟ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಎರಡನೇ ರನ್‌ಗೆ ಈಗ 8 ಕಾಲಂ ಮಾತ್ರ. ಮೂರನೇ ರನ್ 19ರ ಬದಲು 18ರಿಂದ, ನಾಲ್ಕನೆಯದು 28ರ ಬದಲು 27ರಿಂದ ಶುರು. ಹಳೆಯ ವೆಕ್ಟರನ್ನೇ ಹಾಕಿದರೆ 19ರ +1 ಬೀಳುವುದು ಮೂರನೇ ರನ್‌ನ ಮನೆಯ ಮೇಲೆ, 20ರ −1 ಬೀಳುವುದು ತಪ್ಪುತ್ತರದ ಮೇಲೆ. ನಾಲ್ಕನೇ ರನ್‌ನಲ್ಲೂ ಅದೇ.

ಕೂಡಿಸಿ ನೋಡಿ. ಮೊದಲೆರಡು ರನ್‌ನಲ್ಲಿ ಮನೆಗೆ −1, ಕೊನೆಯೆರಡರಲ್ಲಿ +1. ಮನೆ ಹೆಚ್ಚುಕಡಿಮೆ ತನ್ನನ್ನು ತಾನೇ ಅಳಿಸಿಕೊಂಡಿತು. ಉಳಿದದ್ದು ಮುಖ ಮೈನಸ್ ತಪ್ಪುತ್ತರ! ತೂಕಗಳ ಮೊತ್ತ ಈಗಲೂ ಸೊನ್ನೆಯೇ, ಆದ್ದರಿಂದ "ಮೊತ್ತ ಸೊನ್ನೆ ಇದೆಯೇ" ಎಂಬ ಪರೀಕ್ಷೆ ಇದನ್ನು ಹಿಡಿಯದು. ವೆಕ್ಟರಿನ ಉದ್ದ 36, ಡಿಸೈನಿನ ಕಾಲಂ 39. ಕಡಿಮೆಯಾದದ್ದಕ್ಕೆ ಎಸ್‌ಪಿಎಂ ಬಲಗಡೆ ತಾನೇ ಸೊನ್ನೆ ತುಂಬಿಕೊಳ್ಳುತ್ತದೆ, ಆಕ್ಷೇಪಿಸುವುದಿಲ್ಲ. ಮುಖಗಳಿಗೆ ಸ್ಪಂದಿಸುವ ಫ್ಯೂಸಿಫಾರ್ಮ್ ಭಾಗದಲ್ಲಿ ಒಂದಿಷ್ಟು ಕೆಂಪು ಬಂದೇ ಬರುತ್ತದೆ, ಯಾಕೆಂದರೆ ಮುಖಕ್ಕೆ ಧನ ತೂಕ ಇದೆ. ಗಮನಿಸುವವರಿಗೆ ಸಿಗುವ ಸುಳಿವು ಬೇರೆ ಕಡೆ: ಆಂಟೀರಿಯರ್ ಸಿಂಗ್ಯುಲೇಟ್ ಮತ್ತು ಇನ್ಸುಲಾದಲ್ಲಿ ಕಾರಣವಿಲ್ಲದ ಋಣ ಮೌಲ್ಯ. ತಪ್ಪು ಮಾಡಿದಾಗ ಚುರುಕಾಗುವ ಜಾಗಗಳು ಅವು.

ಪರಿಹಾರ ಎರಡು. ಒಂದು, ತೂಕವನ್ನು ಕಾಲಂ ಸಂಖ್ಯೆಯಿಂದ ಎಂದೂ ಕೊಡಬೇಡಿ, ಹೆಸರಿನಿಂದ ಕೊಡಿ. ಕಾಲಂ ಹೆಸರುಗಳಲ್ಲಿ "ಮುಖ" ಎಂದು ಹುಡುಕಿ, ಸಿಕ್ಕ ಜಾಗಗಳಲ್ಲಿ ತೂಕ ಇಡುವ ಸ್ಕ್ರಿಪ್ಟ್ ಬರೆಯಿರಿ. ಎಎಫ್‌ಎನ್‌ಐನ 3ಡಿ-ಡೀಕನ್ವಾಲ್ವ್‌ನಲ್ಲಿ ಸಾಂಕೇತಿಕ ಜಿಎಲ್‌ಟಿ (ಹೆಸರುಗಳಿಂದಲೇ ಬರೆಯುವ ಕಾಂಟ್ರಾಸ್ಟ್) ಇರುವುದೇ ಇದಕ್ಕಾಗಿ: ಲೇಬಲ್‌ಗಳನ್ನು ಪ್ಲಸ್-ಮೈನಸ್ ಹಾಕಿ ಬರೆದರಾಯಿತು. ನೈಲರ್ನ್‌ನಲ್ಲೂ "ಮುಖ − ಮನೆ" ಎಂಬಂಥ ಪದಸಾಲನ್ನೇ ಕೊಡಬಹುದು. ಎಚ್ಚರ, ಅಲ್ಲಿ ಕಂಡೀಷನ್ ಹೆಸರಿನೊಳಗೇ ಹೈಫನ್ ಇದ್ದರೆ ಅದನ್ನು ಕಳೆಯುವ ಚಿಹ್ನೆ ಎಂದೇ ಓದಿಕೊಳ್ಳುತ್ತದೆ. ಅಂಕಿಯಿಂದ ಶುರುವಾಗುವ ಹೆಸರೂ ತೊಂದರೆ ಕೊಡುತ್ತದೆ. ಅಂಡರ್‌ಸ್ಕೋರ್ ಬಳಸಿ. ನೈಲರ್ನ್ ಕಂಡೀಷನ್‌ಗಳನ್ನು ನೀವು ಬರೆದ ಕ್ರಮದಲ್ಲಿಡದೆ ಅಕ್ಷರಾನುಕ್ರಮದಲ್ಲಿ ಜೋಡಿಸುತ್ತದೆ ಎಂಬುದನ್ನೂ ಮರೆಯಬೇಡಿ. ಕೈಯಲ್ಲಿ 1 −1 ಹೊಡೆಯುವವರು ಇಲ್ಲಿ ಜಾರುತ್ತಾರೆ.

ಎರಡು, ಹೆಸರಿನಿಂದ ಹುಡುಕಿದರೂ ಖಾಲಿ ಕಂಡೀಷನ್ ಇರುವ ರನ್ ಅನ್ನು ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸಿ. ಎಫ್‌ಎಸ್‌ಎಲ್‌ನ ವಿಶ್ಲೇಷಣಾ ಭಾಗವಾದ ಫೀಟ್‌ನಲ್ಲಿ ಇವಿಗೆ (ಕಾಲಂಗೆ ಅಲ್ಲಿನ ಹೆಸರು) "ಖಾಲಿ, ಎಲ್ಲವೂ ಸೊನ್ನೆ" ಎಂಬ ಆಯ್ಕೆಯೇ ಇದೆ. ಕಾಲಂ ಸಂಖ್ಯೆ ಹಾಗೇ ಉಳಿಯುತ್ತದೆ. ಎಸ್‌ಪಿಎಂನಲ್ಲಿ ಕಾಲಂ ಬಿಟ್ಟೇ ಸಾಗಬೇಕಾದರೆ, ಆ ಕಂಡೀಷನ್ ಬಳಸುವ ಕಾಂಟ್ರಾಸ್ಟಿನಿಂದ ಆ ರನ್ ಅನ್ನು ಇಡಿಯಾಗಿ ಹೊರಗಿಡಿ. ಮುಖ ಇದ್ದು ಮನೆ ಇಲ್ಲದ ರನ್‌ನಿಂದ ಮುಖವನ್ನಷ್ಟೇ ತೆಗೆದುಕೊಂಡರೆ ಆ ರನ್‌ನ ಬೇಸ್‌ಲೈನ್ (ಯಾವ ಕಂಡೀಷನ್ನೂ ಇಲ್ಲದಾಗಿನ ಮಟ್ಟ) ನಿಮ್ಮ ವ್ಯತ್ಯಾಸದೊಳಗೆ ನುಸುಳುತ್ತದೆ.

ಜಾರಿಕೆಯನ್ನು ಖಚಿತಪಡಿಸಿಕೊಳ್ಳಲು ಒಂದು ಕೈಲೆಕ್ಕ ಇದೆ, ಐದು ನಿಮಿಷದ ಕೆಲಸ. ಪ್ರತಿ ಬಗೆಯ ಕಾಲಂಗೂ ಬೇರೆಬೇರೆ ನಕಲಿ ಬೀಟಾ ಕೊಡಿ: ಮುಖ 3, ಮನೆ 1, ತಪ್ಪುತ್ತರ 100, ಚಲನೆ 1000, ಸ್ಥಿರಾಂಕ 10000. ಕಾಂಟ್ರಾಸ್ಟ್ ವೆಕ್ಟರಿನಿಂದ ಗುಣಿಸಿ ಕೂಡಿಸಿ. ನಾಲ್ಕು ರನ್‌ಗೆ 8 ಬರಬೇಕು, ತೂಕವನ್ನು 0.25ಕ್ಕೆ ಇಳಿಸಿದ್ದರೆ 2. ಮೇಲಿನ ಜಾರಿದ ಉದಾಹರಣೆಯಲ್ಲಿ ಬರುವುದು 2 + 2 − 99 − 99, ಅಂದರೆ −194. ಸಾವಿರದ ಆಸುಪಾಸಿನ ಉತ್ತರ ಬಂದರೆ ತೂಕ ಚಲನೆಯ ಕಾಲಂ ಮೇಲೆ ಕೂತಿದೆ, ಹತ್ತು ಸಾವಿರದ್ದಾದರೆ ಸ್ಥಿರಾಂಕದ ಮೇಲೆ.

ಚಲನೆಯ 6 ಸೊನ್ನೆಗಳನ್ನು ಮರೆಯುವುದೂ ಇದೇ ಜಾತಿಯ ದೋಷ. ಎರಡು ಕಂಡೀಷನ್, ಎರಡು ಸೆಷನ್ ಇದ್ದಾಗ ಸರಿಯಾದದ್ದು

1 −1 0 0 0 0 0 0 1 −1

ಸೊನ್ನೆ ಬಿಟ್ಟು 1 −1 1 −1 ಎಂದು ಬರೆದರೆ ಎರಡನೇ ಜೋಡಿ ಮೊದಲ ಸೆಷನ್ನಿನ ಚಲನೆಯ ಮೊದಲೆರಡು ಕಾಲಂ ಮೇಲೆ ಬೀಳುತ್ತದೆ. ಮಿದುಳಿನ ಅಂಚಿನುದ್ದಕ್ಕೂ, ವೆಂಟ್ರಿಕಲ್‌ಗಳ ಸುತ್ತ ಉಂಗುರದಂತೆ ಬಣ್ಣ ಕಂಡರೆ ಇದನ್ನು ನೋಡಿ.

ಎಲ್ಲೆಡೆ ಕೆಂಪು, ಅಥವಾ ದೃಶ್ಯ ಭಾಗದಲ್ಲಿ ಅರ್ಥವಿಲ್ಲದ ಇಳಿತ

ತೂಕಗಳ ಮೊತ್ತ ನೋಡಿ. ಎರಡು ಕಂಡೀಷನ್‌ಗಳ ವ್ಯತ್ಯಾಸ ಕೇಳುವಾಗ ಮೊತ್ತ ಸೊನ್ನೆ ಆಗಲೇಬೇಕು. ಮೂರು ಕಂಡೀಷನ್ ಇದ್ದು "ಮುಖವು ಮನೆ ಮತ್ತು ಉಪಕರಣಗಳಿಗಿಂತ ಹೆಚ್ಚೇ?" ಎಂದು ಕೇಳುವವರು ಅವಸರದಲ್ಲಿ 1 −1 −1 ಎಂದು ಬರೆಯುವುದುಂಟು. ಮೂರೂ ಚಿತ್ರಗಳಿಗೆ ಸಮನಾಗಿ ಸ್ಪಂದಿಸುವ ಒಂದು ವಾಕ್ಸೆಲ್ (ಮಿದುಳಿನ ಚಿತ್ರದ ಪುಟ್ಟ ಘನ) ತೆಗೆದುಕೊಳ್ಳಿ, ಮೂರರ ಬೀಟಾವೂ 2. ಲೆಕ್ಕ 2 − 2 − 2 = −2. ವ್ಯತ್ಯಾಸವೇ ಇಲ್ಲದ ಕಡೆ ದೊಡ್ಡ ಋಣ ಮೌಲ್ಯ! ಪ್ರಾಥಮಿಕ ದೃಶ್ಯ ಪ್ರದೇಶ ಪೂರ್ತಿ ನೀಲಿಯಾಗುತ್ತದೆ. ಸರಿಯಾದದ್ದು 1 −0.5 −0.5, ಅಥವಾ 2 −1 −1. ಎರಡರ ಟಿ ಮೌಲ್ಯವೂ ಒಂದೇ. ಎರಡನೆಯದರಲ್ಲಿ ಕಾನ್ ಚಿತ್ರದ (ತೂಕ ಹಾಕಿ ಕೂಡಿಸಿದ ಬೀಟಾಗಳ ನಕ್ಷೆ) ಅಳತೆ ಮಾತ್ರ ದುಪ್ಪಟ್ಟು. ಆ ದುಪ್ಪಟ್ಟು ಎಲ್ಲಿ ಕಾಡುತ್ತದೆ ಎಂಬುದು ಗುಂಪಿನ ಹಂತದಲ್ಲಿ ಬರುತ್ತದೆ.

ಹಾಗೆಂದು 2 −1 −1 ಎಂಬುದು "ಮುಖ ಮನೆಗಿಂತಲೂ ಹೆಚ್ಚು, ಉಪಕರಣಕ್ಕಿಂತಲೂ ಹೆಚ್ಚು" ಎಂದು ಹೇಳುವುದಿಲ್ಲ. ಮುಖ 3, ಮನೆ 3, ಉಪಕರಣ 0 ಇದ್ದರೂ ಅದು ಧನವೇ. ಎರಡೂ ಬೇಕೆಂದರೆ ಎರಡು ಕಾಂಟ್ರಾಸ್ಟ್ ಬರೆದು ಕಂಜಂಕ್ಷನ್ ಮಾಡಿ, ಪ್ರತಿ ವಾಕ್ಸೆಲ್‌ನಲ್ಲೂ ಎರಡರಲ್ಲಿ ಚಿಕ್ಕ ಟಿ ಮೌಲ್ಯ ಮಿತಿ ದಾಟಿದೆಯೇ ಎಂದು ನೋಡಿ.

ಮೊತ್ತ ಸೊನ್ನೆಯಲ್ಲದಿದ್ದರೂ ತಪ್ಪಲ್ಲದ ಕಾಂಟ್ರಾಸ್ಟ್ ಇದೆ: ಒಂದೇ ಕಂಡೀಷನ್ನಿಗೆ 1, ಅಂದರೆ ಬೇಸ್‌ಲೈನ್ ಜೊತೆಗಿನ ಹೋಲಿಕೆ. ಎಫ್‌ಎಸ್‌ಎಲ್‌ನ ಮೊದಲ ಹಂತದಲ್ಲಿ ಸ್ಥಿರಾಂಕದ ಕಾಲಂ ಕಾಣುವುದಿಲ್ಲ, ಡೇಟಾದ ಸರಾಸರಿ ಮೊದಲೇ ತೆಗೆದಿರುತ್ತದೆ. ಕಾಲಂ ಇಲ್ಲ ಎಂದು ಗಾಬರಿಯಾಗಿ ಕೈಯಿಂದ ಸೇರಿಸಬೇಡಿ. ಎಫ್‌ಎಸ್‌ಎಲ್‌ನ ಗುಂಪಿನ ಹಂತದಲ್ಲಿ ಮಾತ್ರ ಸರಾಸರಿಯ ಇವಿ ನೀವೇ ಕೊಡಬೇಕು.

ಕಾಂಟ್ರಾಸ್ಟನ್ನೇ ಒಪ್ಪುತ್ತಿಲ್ಲ

ಎಸ್‌ಪಿಎಂ ಕಾಂಟ್ರಾಸ್ಟ್ ಅಮಾನ್ಯ ಎನ್ನುತ್ತದೆ. ಎಫ್‌ಎಸ್‌ಎಲ್ ಒಂದು ಇವಿ ಉಳಿದವುಗಳ ಕೂಡು ಮೊತ್ತದಂತಿದೆ ಎಂದು ಎಚ್ಚರಿಸುತ್ತದೆ. ಎರಡರ ಹಿಂದಿರುವುದು ಒಂದೇ ಕಾರಣ: ಕಾಲಂಗಳು ಒಂದಕ್ಕೊಂದು ಸ್ವತಂತ್ರವಾಗಿಲ್ಲ, ಆದ್ದರಿಂದ ನೀವು ಕೇಳಿದ ಬೀಟಾಗೆ ಒಂದೇ ಉತ್ತರ ಇಲ್ಲ. ಎಸ್‌ಪಿಎಂನ ಡಿಸೈನ್ ಚಿತ್ರದ ಕೆಳಗೆ ಒಂದು ಸಣ್ಣ ಪಟ್ಟಿ ಇದೆ. ಬಿಳಿ ಇದ್ದ ಕಾಲಂ ಸರಿ, ಬೂದು ಇದ್ದದ್ದು ಒಂಟಿಯಾಗಿ ಅಳೆಯಲಾಗದ್ದು. ಯಾವುದು ಬೂದು ಎಂದು ಮೊದಲು ಗುರುತಿಸಿ.

ಸಾಮಾನ್ಯ ಕಾರಣಗಳು: ಪೂರ್ತಿ ಸೊನ್ನೆ ಇರುವ ಕಾಲಂ, ಒಂದೇ ಆನ್‌ಸೆಟ್ ಫೈಲನ್ನು ಎರಡು ಕಂಡೀಷನ್ನಿಗೆ ಕೊಟ್ಟಿರುವುದು, "ಎಲ್ಲ ಟ್ರಯಲ್" ಎಂಬ ಕಾಲಂ ಜೊತೆಗೆ ಅದರದೇ ಭಾಗಗಳಾದ ಮುಖ, ಮನೆ ಕಾಲಂಗಳನ್ನೂ ಇಟ್ಟಿರುವುದು, ಎಲ್ಲ ಟ್ರಯಲ್‌ಗೂ ಒಂದೇ ಅಂಕ ಕೊಟ್ಟ ಸಬ್ಜೆಕ್ಟಿನ ರೇಟಿಂಗನ್ನು ಪ್ಯಾರಾಮೆಟ್ರಿಕ್ ಮಾಡ್ಯುಲೇಟರ್ (ಟ್ರಯಲ್‌ನಿಂದ ಟ್ರಯಲ್‌ಗೆ ಬದಲಾಗುವ ಅಂಕದ ಕಾಲಂ) ಮಾಡಿರುವುದು. ಕೊನೆಯದು ಸರಾಸರಿ ಕಳೆದಾಗ ಸೊನ್ನೆಯಾಗುತ್ತದೆ.

ವಿಶ್ರಾಂತಿಯನ್ನೂ ಕಂಡೀಷನ್ ಆಗಿ ಬರೆಯುವುದು ಇನ್ನೊಂದು ಬಗೆ, ಮತ್ತು ಹೆಚ್ಚು ಮೋಸದ್ದು. ಕೆಲಸದ ಬ್ಲಾಕ್, ವಿಶ್ರಾಂತಿ ಬ್ಲಾಕ್ ಎರಡನ್ನೂ ಮಾಡೆಲ್ ಮಾಡಿದರೆ ಎರಡರ ಮೊತ್ತ ಸ್ಥಿರಾಂಕದ ಕಾಲಂಗೆ ಸಮ. ಆದರೆ ಹಿಮೋಡೈನಮಿಕ್ ಫಂಕ್ಷನ್ (ರಕ್ತದ ಹರಿವಿನ ನಿಧಾನ ಸ್ಪಂದನೆಯ ಆಕಾರ) ಸೇರಿದ ಮೇಲೆ ರನ್ ಶುರುವಿನ ಕೆಲವು ಸ್ಕ್ಯಾನ್‌ಗಳಲ್ಲಿ ಮೊತ್ತ ಇನ್ನೂ ಏರುತ್ತಿರುತ್ತದೆ, ಆದ್ದರಿಂದ ಸಮಾನತೆ ಪೂರ್ತಿಯಲ್ಲ, ಬಹುಪಾಲು. ಫಲ ಏನೆಂದರೆ, ತಂತ್ರಾಂಶ ಅದನ್ನು ಒಪ್ಪಿಕೊಳ್ಳಬಹುದು, ಆದರೆ 1 0 ಎಂಬ ಕಾಂಟ್ರಾಸ್ಟಿನ ದೋಷಾಂಶ ಆಕಾಶಕ್ಕೇರಿರುತ್ತದೆ. 1 −1 ಮಾತ್ರ ಚೆನ್ನಾಗಿಯೇ ಬರುತ್ತದೆ. "ವ್ಯತ್ಯಾಸ ಬರುತ್ತಿದೆ, ಒಂಟಿ ಕಂಡೀಷನ್ ಬರುತ್ತಿಲ್ಲ" ಎಂದಾದರೆ ವಿಶ್ರಾಂತಿಯ ಕಾಲಂ ತೆಗೆಯಿರಿ.

ನಕ್ಷೆ ಖಾಲಿ

ಏನೂ ಬಾರದಿದ್ದಾಗ ಮೊದಲು ಮಿತಿಯನ್ನು ಸಡಿಲಿಸುವವರೇ ಹೆಚ್ಚು. ಬೇಡ. ಕಾಂಟ್ರಾಸ್ಟ್ ಬದಲಿಸುವುದೂ ಬೇಡ. ಉತ್ತರ ಮೊದಲೇ ಗೊತ್ತಿರುವ ಒಂದು ಕಾಂಟ್ರಾಸ್ಟ್ ಹಾಕಿ: ಚಿತ್ರ ತೋರಿಸಿದ ಎಲ್ಲ ಕಂಡೀಷನ್‌ಗಳ ಸರಾಸರಿ, ಬೇಸ್‌ಲೈನ್ ಎದುರು. ತಲೆಯ ಹಿಂಭಾಗದ ದೃಶ್ಯ ಪ್ರದೇಶ ಹೊಳೆಯದಿದ್ದರೆ ದೋಷ ನಿಮ್ಮ ತೂಕಗಳಲ್ಲಿಲ್ಲ, ಅದಕ್ಕೂ ಮೊದಲಿನ ಸಮಯದ ಲೆಕ್ಕದಲ್ಲಿದೆ.

ಸಮಯದಲ್ಲಿ ಮೊದಲ ಆರೋಪಿ ಘಟಕ (ಅಳತೆಯ ಯೂನಿಟ್). ಎಸ್‌ಪಿಎಂ ಆನ್‌ಸೆಟ್‌ಗಳನ್ನು ಸೆಕೆಂಡಿನಲ್ಲೋ ಸ್ಕ್ಯಾನ್ ಸಂಖ್ಯೆಯಲ್ಲೋ ಕೇಳುತ್ತದೆ. ಟಿಆರ್ (ಒಂದು ಸ್ಕ್ಯಾನಿಗೆ ಹಿಡಿಯುವ ಸಮಯ) 2 ಸೆಕೆಂಡ್, 200 ಸ್ಕ್ಯಾನ್, ರನ್ 400 ಸೆಕೆಂಡ್ ಎನ್ನಿ. ಸೆಕೆಂಡಿನ ಆನ್‌ಸೆಟ್‌ಗಳನ್ನು ಸ್ಕ್ಯಾನ್ ಎಂದು ಓದಿದರೆ 380ರದ್ದು 760ನೇ ಸೆಕೆಂಡಿಗೆ ಹೋಗುತ್ತದೆ, ರನ್‌ನಿಂದಲೇ ಆಚೆ. ತಿರುವುಮುರುವಾದರೆ ಎಲ್ಲ ಘಟನೆಗಳೂ ಮೊದಲರ್ಧಕ್ಕೆ ಒತ್ತರಿಸಿಕೊಂಡು ಬರುತ್ತವೆ. ಇದಕ್ಕೆ ಬೂದು ಚಿತ್ರವೇ ಸಾಕು: ಕಂಡೀಷನ್ ಕಾಲಂನ ಕೆಳಗಿನರ್ಧ ಬೋಳಾಗಿದ್ದರೆ ಘಟಕ ತಪ್ಪಿದೆ.

ಎರಡನೆಯದು ಕೈಬಿಟ್ಟ ಸ್ಕ್ಯಾನ್‌ಗಳು. ಶುರುವಿನ 4 ಸ್ಕ್ಯಾನ್ ತೆಗೆದಿದ್ದರೆ ಎಲ್ಲ ಆನ್‌ಸೆಟ್‌ಗಳಿಂದ 8 ಸೆಕೆಂಡ್ ಕಳೆಯಬೇಕು. ಮಿದುಳಿನ ಸ್ಪಂದನೆ ಏರಿ ತುದಿ ಮುಟ್ಟುವುದೇ 5-6 ಸೆಕೆಂಡಿನಲ್ಲಿ. 8 ಸೆಕೆಂಡ್ ತಪ್ಪಿದರೆ ಸಂಕೇತ ಮಾಯವಾಗುವುದಷ್ಟೇ ಅಲ್ಲ, ಬ್ಲಾಕ್‌ಗಳು ಚಿಕ್ಕದಿದ್ದರೆ ಚಿಹ್ನೆಯೇ ತಿರುಗಬಹುದು. ಸ್ಕ್ಯಾನರ್ ತಾನೇ ಬಿಟ್ಟ ಡಮ್ಮಿ ಸ್ಕ್ಯಾನ್ ಯಾವುದು, ನೀವು ಕೈಯಾರೆ ತೆಗೆದದ್ದು ಯಾವುದು ಎಂದು ಬೇರೆಬೇರೆ ಬರೆದಿಡಿ. ಎರಡು ಬಾರಿ ಕಳೆಯುವುದೂ ನಡೆದೇ ಇದೆ.

ಮೂರನೆಯದು ನಿಧಾನ ಏರಿಳಿತಗಳನ್ನು ತೆಗೆಯುವ ಹೈ-ಪಾಸ್ ಫಿಲ್ಟರ್. ಎಸ್‌ಪಿಎಂನ ಡೀಫಾಲ್ಟ್ 128 ಸೆಕೆಂಡ್. 80 ಸೆಕೆಂಡ್ ಮುಖ, 80 ಸೆಕೆಂಡ್ ಮನೆ ಎಂದು ಬ್ಲಾಕ್ ಮಾಡಿದರೆ ಒಂದು ಆವರ್ತ 160 ಸೆಕೆಂಡ್. ಹುಡುಕುತ್ತಿರುವುದನ್ನೇ ಫಿಲ್ಟರ್ ಗುಡಿಸಿ ಹಾಕುತ್ತದೆ. ಮಿತಿಯನ್ನು ಆವರ್ತಕ್ಕಿಂತ ಸಾಕಷ್ಟು ದೊಡ್ಡದಾಗಿಡಿ. ನೈಲರ್ನ್ ಇದನ್ನು ಹರ್ಟ್ಸ್‌ನಲ್ಲಿ ಕೇಳುತ್ತದೆ: 128 ಸೆಕೆಂಡ್ ಎಂದರೆ 0.0078.

ದೃಶ್ಯ ಪ್ರದೇಶ ಚೆನ್ನಾಗಿ ಬಂದು ವ್ಯತ್ಯಾಸ ಮಾತ್ರ ಬಾರದಿದ್ದರೆ ಕಾಲಂಗಳ ಹೊಂದಿಕೆ ಅಳೆಯಿರಿ. ಎರಡು ಕಾಲಂಗಳ ಕೋರಿಲೇಷನ್ ಆರ್ ಆಗಿದ್ದು, ಎರಡರ ಅಳತೆಯೂ ಸಮ ಇದ್ದಾಗ, ವ್ಯತ್ಯಾಸದ ವೇರಿಯನ್ಸ್ 2/(1 − ಆರ್) ರೀತಿಯಲ್ಲೂ ಮೊತ್ತದ್ದು 2/(1 + ಆರ್) ರೀತಿಯಲ್ಲೂ ಸಾಗುತ್ತದೆ. ಆರ್ 0 ಇದ್ದಾಗ ಎರಡೂ 2. ಆರ್ 0.9ಕ್ಕೆ ಏರಿದರೆ ವ್ಯತ್ಯಾಸದ್ದು 20, ಮೊತ್ತದ್ದು 1.05. ಅಂದರೆ ವ್ಯತ್ಯಾಸದ ವೇರಿಯನ್ಸ್ ಹತ್ತು ಪಟ್ಟು, ಮೊತ್ತದ್ದು ಅರ್ಧಕ್ಕಿಳಿಯಿತು. "ಎರಡೂ ಒಟ್ಟಿಗೆ ಭರ್ಜರಿ, ಬೇರ್ಪಡಿಸಿದರೆ ಏನೂ ಇಲ್ಲ" ಎಂಬ ದೂರಿನ ಹಿಂದೆ ಇದೇ ಗಣಿತ. ಸೂಚನೆ ಬಂದ 2 ಸೆಕೆಂಡಿಗೆ ಸರಿಯಾಗಿ, ಪ್ರತಿಬಾರಿಯೂ, ಗುರಿ ಬರುವ ಪ್ರಯೋಗಗಳಲ್ಲಿ ಸೂಚನೆ ಮೈನಸ್ ಗುರಿ ಎಂಬ ಕಾಂಟ್ರಾಸ್ಟ್ ಹೀಗೇ ಸಾಯುತ್ತದೆ. ಡೇಟಾ ತೆಗೆದಾದ ಮೇಲೆ ಇದಕ್ಕೆ ಮದ್ದಿಲ್ಲ. ನಡುವಿನ ಅಂತರವನ್ನು ಏರುಪೇರು ಮಾಡುವುದು, ಕೆಲವು ಟ್ರಯಲ್‌ಗಳಲ್ಲಿ ಗುರಿಯನ್ನೇ ಬಿಡುವುದು, ಎಲ್ಲವೂ ಸ್ಕ್ಯಾನಿಗಿಂತ ಮೊದಲಿನ ಕೆಲಸ. ಆದ್ದರಿಂದ ಮೊದಲ ಸಬ್ಜೆಕ್ಟ್ ಒಳಹೋಗುವ ಮುನ್ನ ನಕಲಿ ಆನ್‌ಸೆಟ್‌ಗಳಿಂದ ಡಿಸೈನ್ ಕಟ್ಟಿ, ನಿಮ್ಮ ನಿಜವಾದ ಕಾಂಟ್ರಾಸ್ಟಿಗೆ ದಕ್ಷತೆ ಲೆಕ್ಕಹಾಕಿ.

ತಲೆಕೆಳಗಾದ ನಕ್ಷೆ

ಮುಖ ಮೈನಸ್ ಮನೆ ಕೇಳಿದರೆ ಪ್ಯಾರಾಹಿಪೋಕ್ಯಾಂಪಲ್ ಭಾಗ ಹೊಳೆಯುತ್ತಿದೆಯೇ? ಅದು ಮನೆ, ದೃಶ್ಯ, ಜಾಗಗಳಿಗೆ ಸ್ಪಂದಿಸುವ ಪ್ರದೇಶ. ಎಪ್‌ಸ್ಟೀನ್ ಮತ್ತು ಕ್ಯಾನ್‌ವಿಶರ್ 1998ರಲ್ಲಿ ವಿವರಿಸಿದ್ದು. ಮುಖದ ಫ್ಯೂಸಿಫಾರ್ಮ್ ಪ್ರದೇಶ ಅದಕ್ಕೂ ಒಂದು ವರ್ಷ ಹಿಂದಿನದು. ಚಿಹ್ನೆ ತಿರುಗಿದೆ, ಅಥವಾ ಆನ್‌ಸೆಟ್ ಫೈಲುಗಳ ಹೆಸರು ಅದಲುಬದಲಾಗಿದೆ. ಕಾಂಟ್ರಾಸ್ಟ್ ಸರಿ ಇದ್ದು ಫೈಲ್ ತಪ್ಪಾಗಿರುವುದು ಹೆಚ್ಚು ಅಪಾಯಕಾರಿ, ಯಾಕೆಂದರೆ ಕಾಲಂ ಹೆಸರು ನೋಡಿದರೂ ಸರಿಯಾಗಿಯೇ ಕಾಣುತ್ತದೆ. ಮೂಲ ಲಾಗ್ ಫೈಲಿನ ಮೊದಲ ಐದು ಘಟನೆಗಳನ್ನು ಕೈಯಾರೆ ತಾಳೆ ನೋಡಿ.

ಬಟನ್ ಒತ್ತುವ ಪ್ರಯೋಗವಾದರೆ ಎಡಗೈ ಮೈನಸ್ ಬಲಗೈ ಎಂಬ ಕಾಂಟ್ರಾಸ್ಟ್ ಚಿನ್ನದಂಥದ್ದು. ಬಲಗಡೆಯ ಪ್ರೀಸೆಂಟ್ರಲ್ ಮಡಿಕೆ ಬರಬೇಕು. ಎಡಕ್ಕೆ ಬಂದರೆ ಚಿಹ್ನೆ ತಿರುಗಿದೆ, ಇಲ್ಲವೇ ನೋಡುವ ತಂತ್ರಾಂಶ ರೇಡಿಯಾಲಜಿ ಪದ್ಧತಿಯಲ್ಲಿ ಎಡಬಲ ತಿರುಗಿಸಿ ತೋರಿಸುತ್ತಿದೆ. ತೆರೆಯ ಅಂಚಿನಲ್ಲಿರುವ ಎಡ-ಬಲ ಗುರುತನ್ನು ನೋಡಿಯೇ ತೀರ್ಮಾನಿಸಿ.

ಇನ್ನೊಂದು: ಮುಖ ಮೈನಸ್ ಮನೆ ಧನವಾಗಿ ಬಂತೆಂದರೆ ಮುಖಕ್ಕೆ ಸಂಕೇತ ಏರಿತೆಂದಲ್ಲ. ಮುಖ 0, ಮನೆ −1.5 ಇದ್ದರೂ ವ್ಯತ್ಯಾಸ +1.5. ಮೀಡಿಯಲ್ ಪ್ರೀಫ್ರಾಂಟಲ್, ಪೋಸ್ಟೀರಿಯರ್ ಸಿಂಗ್ಯುಲೇಟ್ ಭಾಗದ ಕ್ಲಸ್ಟರ್‌ಗಳಲ್ಲಿ ಇದು ಪದೇಪದೇ ಆಗುತ್ತದೆ. ವರದಿ ಬರೆಯುವ ಮುನ್ನ ಎರಡರ ಬೀಟಾಗಳನ್ನೂ ಬೇಸ್‌ಲೈನ್ ಎದುರು ಬೇರೆಬೇರೆ ತೆಗೆದು ನೋಡಿ.

ಡಿರೈವೇಟಿವ್ ಮತ್ತು ಮಾಡ್ಯುಲೇಟರ್ ಸೇರಿದಾಗ

ಸಮಯದ ಡಿರೈವೇಟಿವ್ (ಸ್ಪಂದನೆ ತುಸು ಹಿಂದುಮುಂದಾದದ್ದನ್ನು ಹಿಡಿಯುವ ಕಾಲಂ) ಸೇರಿಸಿದ ದಿನವೇ ಹಳೆಯ ವೆಕ್ಟರ್ ಸತ್ತಿತು ಎಂದುಕೊಳ್ಳಿ. ಪ್ರತಿ ಕಂಡೀಷನ್ ಹಿಂದೆಯೇ ಅದರ ಡಿರೈವೇಟಿವ್ ಕೂರುತ್ತದೆ. ಎರಡು ಕಂಡೀಷನ್, 6 ಚಲನೆ, ಎರಡು ಸೆಷನ್ ಇದ್ದರೆ ಎಸ್‌ಪಿಎಂನಲ್ಲಿ ತೂಕ ಇಡಬೇಕಾದದ್ದು 1, 3, 11, 13ರಲ್ಲಿ. ಡಿಸ್ಪರ್ಷನ್ (ಸ್ಪಂದನೆಯ ಅಗಲದ ವ್ಯತ್ಯಾಸ ಹಿಡಿಯುವ ಕಾಲಂ) ಕೂಡ ಸೇರಿದರೆ 1, 4, 13, 16. ಹಳೆಯ 1 −1 ಹಾಗೇ ಬಿಟ್ಟರೆ ಮುಖದಿಂದ ಮುಖದ್ದೇ ಡಿರೈವೇಟಿವ್ ಕಳೆದಂತಾಯಿತು. ಎಫ್‌ಎಸ್‌ಎಲ್‌ನಲ್ಲಿ ಮೂಲ ಇವಿ ನೋಟದಲ್ಲಿ ತೂಕ ಕೊಟ್ಟರೆ ಡಿರೈವೇಟಿವ್‌ಗಳಿಗೆ ತಾನೇ ಸೊನ್ನೆ ಬೀಳುತ್ತದೆ. ನಿಜ ಇವಿ ನೋಟಕ್ಕೆ ಹೋದವರೇ ಎಣಿಸಬೇಕು.

ಪ್ಯಾರಾಮೆಟ್ರಿಕ್ ಮಾಡ್ಯುಲೇಟರಿನ ಮೇಲಿನ 1 ಎಂದರೆ ಇಳಿಜಾರು: ರೇಟಿಂಗ್ ಒಂದು ಏರಿದರೆ ಸಂಕೇತ ಎಷ್ಟು ಏರುತ್ತದೆ ಎಂಬುದು. ಮುಖದ ಮುಖ್ಯ ಕಾಲಂನಿಂದ ಅದರ ಮಾಡ್ಯುಲೇಟರನ್ನು ಕಳೆಯುವುದಕ್ಕೆ ಅರ್ಥವಿಲ್ಲ, ಘಟಕಗಳೇ ಬೇರೆ. ಎಸ್‌ಪಿಎಂ ಡೀಫಾಲ್ಟಾಗಿ ಎರಡನೇ ಮಾಡ್ಯುಲೇಟರಿನಿಂದ ಮೊದಲನೆಯದರ ಪಾಲನ್ನು ತೆಗೆದುಹಾಕುತ್ತದೆ. ಹಾಗಾಗಿ ಹಂಚಿಕೆಯ ಪಾಲೆಲ್ಲ ಮೊದಲನೆಯದಕ್ಕೇ. ಕ್ರಮ ಬದಲಿಸಿದರೆ ನಕ್ಷೆಯೂ ಬದಲು. ಹೀಗಾಗುತ್ತಿದ್ದರೆ ಎಸ್‌ಪಿಎಂ12ರಲ್ಲಿ ಆರ್ಥೋಗನಲೈಸ್ ಆಯ್ಕೆ ಆಫ್ ಮಾಡಿ, ಮಾಡ್ಯುಲೇಟರಿನ ಸರಾಸರಿಯನ್ನು ನೀವೇ ಕಳೆದು ಕೊಡಿ. ಎಫ್‌ಎಸ್‌ಎಲ್‌ನ ಮೂರು ಕಾಲಂ ಫೈಲಿನಲ್ಲಿ ಮೂರನೇ ಕಾಲಂನ ಸರಾಸರಿ ಕಳೆಯುವುದು ಯಾವಾಗಲೂ ನಿಮ್ಮದೇ ಕೆಲಸ, ಮಾಡ್ಯುಲೇಷನ್ ಇಲ್ಲದ ಇವಿ ಒಂದನ್ನು ಜೊತೆಗಿಡುವುದೂ.

ಎರಡು-ಎರಡರ ಡಿಸೈನ್, ಎಫ್ ಪರೀಕ್ಷೆ

ಎ, ಬಿ ಎಂಬ ಎರಡು ಅಂಶ, ಪ್ರತಿಯೊಂದಕ್ಕೂ ಎರಡು ಹಂತ. ಕ್ರಮ ಎ1ಬಿ1, ಎ1ಬಿ2, ಎ2ಬಿ1, ಎ2ಬಿ2 ಎಂದಿದ್ದರೆ ಎ ಪರಿಣಾಮ 1 1 −1 −1, ಬಿ ಪರಿಣಾಮ 1 −1 1 −1, ಇಂಟರಾಕ್ಷನ್ 1 −1 −1 1. ಕೊನೆಯೆರಡನ್ನು ಅದಲುಬದಲು ಮಾಡುವುದು ಮಾಮೂಲು. ನೆನಪಿಡಬೇಕಾಗಿಲ್ಲ, ಎ ತೂಕವನ್ನು ಬಿ ತೂಕದಿಂದ ಒಂದೊಂದಾಗಿ ಗುಣಿಸಿದರೆ ಇಂಟರಾಕ್ಷನ್ ಬರುತ್ತದೆ. ಎ1ರಲ್ಲಿ ಬಿ ವ್ಯತ್ಯಾಸ ಕಂಡಿತು, ಎ2ರಲ್ಲಿ ಕಾಣಲಿಲ್ಲ ಎಂದ ಮಾತ್ರಕ್ಕೆ ಇಂಟರಾಕ್ಷನ್ ಇದೆ ಎನ್ನಬೇಡಿ. ಮಿತಿಯ ಆಚೆ-ಈಚೆ ಕೂದಲೆಳೆಯ ಅಂತರವೂ ಹಾಗೆ ಕಾಣಿಸುತ್ತದೆ.

ಎಫ್ ಪರೀಕ್ಷೆಯಲ್ಲಿ ಮೂರು ಕಂಡೀಷನ್‌ಗಳ ನಡುವೆ ಎಲ್ಲಾದರೂ ವ್ಯತ್ಯಾಸ ಇದೆಯೇ ಎಂದರೆ ಎರಡು ಸಾಲು:

1 −1 0
0 1 −1

ಇದರ ಬದಲು ಪ್ರತಿ ಸಾಲಿನಲ್ಲೂ ಒಂದೊಂದು 1 ಇಟ್ಟ ಮೂರು ಸಾಲು ಹಾಕಿದರೆ ಪ್ರಶ್ನೆಯೇ ಬೇರೆ: ಯಾವುದಾದರೂ ಕಂಡೀಷನ್ ಬೇಸ್‌ಲೈನಿಗಿಂತ ಭಿನ್ನವೇ ಎಂದು. ನಕ್ಷೆ ಭರ್ತಿಯಾಗಿ ಬರುತ್ತದೆ, ಎಲ್ಲರಿಗೂ ಖುಷಿ, ಉತ್ತರ ಮಾತ್ರ ಕೇಳಿದ್ದಲ್ಲ. ಎಫ್ ದಿಕ್ಕು ಹೇಳುವುದಿಲ್ಲ ಎಂಬುದೂ ನೆನಪಿರಲಿ.

ಗುಂಪಿನ ಹಂತದಲ್ಲಿ ಕೆಡುವುದು

ಒಬ್ಬೊಬ್ಬರ ನಕ್ಷೆ ಸರಿ, ಗುಂಪಿನದು ಮಾತ್ರ ಸಪ್ಪೆ. ಮೂರು ಕಡೆ ಕೈ ಹಾಕಿ.

ಒಂದು, ಅಳತೆ. ನಾಲ್ಕು ರನ್ ಇದ್ದವರಿಗೆ ಪ್ರತಿ ರನ್ನಿಗೂ 1 −1 ಕೊಟ್ಟರೆ ಕಾನ್ ಚಿತ್ರದಲ್ಲಿ ನಾಲ್ಕು ರನ್‌ಗಳ ಮೊತ್ತ ಇರುತ್ತದೆ. ಮೂರೇ ರನ್ ಉಳಿದವರಲ್ಲಿ ಮೂರರ ಮೊತ್ತ. ಒಳಗಿನ ಪರಿಣಾಮ ಒಂದೇ ಆದರೂ ಒಬ್ಬರದು 8, ಇನ್ನೊಬ್ಬರದು 6. ಅವರವರ ಟಿ ನಕ್ಷೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಟಿಗೆ ತೂಕದ ಅಳತೆ ಲೆಕ್ಕಕ್ಕಿಲ್ಲ. ಗುಂಪಿಗೆ ಹೋಗುವುದು ಕಾನ್ ಚಿತ್ರ. ರನ್ ಸಂಖ್ಯೆಯಿಂದ ಭಾಗಿಸಿ: ನಾಲ್ಕಿದ್ದವರಿಗೆ 0.25, ಮೂರಿದ್ದವರಿಗೆ 0.333. ಎಸ್‌ಪಿಎಂ ಬ್ಯಾಚ್‌ನಲ್ಲಿ ಸೆಷನ್‌ಗಳಿಗೆ ಪುನರಾವರ್ತಿಸಿ ಅಳತೆಗಿಳಿಸುವ ಆಯ್ಕೆ ಇದೆ, ಅದನ್ನೇ ಆರಿಸಿ. ಬರೀ ಪುನರಾವರ್ತಿಸುವ ಆಯ್ಕೆ ಭಾಗಿಸುವುದಿಲ್ಲ.

ಎರಡು, ಫೈಲ್. ಗುಂಪಿನ ಟಿ ಪರೀಕ್ಷೆಗೆ ಕಾನ್ ಚಿತ್ರ ಕೊಡಬೇಕು, ಟಿ ಚಿತ್ರ ಅಲ್ಲ. ಕಾನ್_0003 ಎಲ್ಲರಲ್ಲೂ ಒಂದೇ ಕಾಂಟ್ರಾಸ್ಟ್ ಎಂದು ನಂಬಬೇಡಿ. ಒಬ್ಬರಿಗೆ ಬ್ಯಾಚ್ ಎರಡನೇ ಸಲ ಓಡಿಸುವಾಗ ಹಳೆಯ ಕಾಂಟ್ರಾಸ್ಟ್‌ಗಳನ್ನು ಅಳಿಸುವ ಆಯ್ಕೆ ಹಾಕದಿದ್ದರೆ ಹೊಸವು ಹಳೆಯವುಗಳ ಹಿಂದೆ ಸೇರಿಕೊಳ್ಳುತ್ತವೆ. 0003 ಹಳೆಯದೇ ಉಳಿಯುತ್ತದೆ. ಚಿತ್ರದ ಹೆಡರಿನ ವಿವರಣೆಯಲ್ಲಿ ಕಾಂಟ್ರಾಸ್ಟಿನ ಹೆಸರಿದೆ, ಎಲ್ಲರದನ್ನೂ ಓದಿ ತಾಳೆ ಮಾಡಿ. ಎಫ್‌ಎಸ್‌ಎಲ್‌ನಲ್ಲಿ (ಕಾನ್‌ಗೆ ಅಲ್ಲಿನ ಹೆಸರು ಕೋಪ್) ಗೊಂದಲ ಬೇರೆ ಥರ: ಮೇಲಿನ ಹಂತದ ಜಿಫೀಟ್ ಫೋಲ್ಡರಿನೊಳಗೆ ಕೋಪ್3 ಎಂಬ ಫೋಲ್ಡರ್, ಅದರೊಳಗೆ ಕೋಪ್1 ಎಂಬ ಫೈಲ್. ಫೋಲ್ಡರಿನ 3 ಮೊದಲ ಹಂತದ ಕಾಂಟ್ರಾಸ್ಟ್, ಫೈಲಿನ 1 ಈ ಹಂತದ್ದು.

ಮೂರು, ಕೋವೇರಿಯೇಟ್. ವಯಸ್ಸನ್ನು ಸರಾಸರಿ ಕಳೆಯದೆ ಸೇರಿಸಿದರೆ ಗುಂಪಿನ ಸರಾಸರಿಯ ಮೇಲಿನ 1 ಎಂಬುದು ಸೊನ್ನೆ ವಯಸ್ಸಿನವರ ಅಂದಾಜು ಆಗಿಬಿಡುತ್ತದೆ. ನಕ್ಷೆ ಸಪ್ಪೆಯಾಗುವುದಕ್ಕೆ ಅಷ್ಟು ಸಾಕು.

ಸರಿಪಡಿಸಿದ ಮೇಲೆ

ತೂಕ ಮಾತ್ರ ಬದಲಾಗಿದ್ದರೆ ಎಸ್‌ಪಿಎಂನಲ್ಲೂ ನೈಲರ್ನ್‌ನಲ್ಲೂ ಮಾಡೆಲ್ ಮತ್ತೆ ಎಸ್ಟಿಮೇಟ್ ಮಾಡಬೇಕಿಲ್ಲ; ಬೀಟಾಗಳು ಹಾಗೇ ಇವೆ, ಕಾಂಟ್ರಾಸ್ಟ್ ಹೊಸದಾಗಿ ಲೆಕ್ಕಹಾಕಿದರಾಯಿತು. ಆನ್‌ಸೆಟ್, ಫಿಲ್ಟರ್, ಕಾಲಂ, ಮಾಡ್ಯುಲೇಟರ್ ಇವುಗಳಲ್ಲಿ ಯಾವುದನ್ನು ಮುಟ್ಟಿದ್ದರೂ ಮೊದಲಿನಿಂದ. ಗುಂಪಿನ ಹಂತವನ್ನು ಎರಡೂ ಸಂದರ್ಭದಲ್ಲಿ ಮತ್ತೆ ಓಡಿಸಲೇಬೇಕು. ಒಬ್ಬರಲ್ಲಿ ದೋಷ ಸಿಕ್ಕರೂ ಎಲ್ಲ ಸಬ್ಜೆಕ್ಟ್‌ಗಳ ಕಾಂಟ್ರಾಸ್ಟ್‌ಗಳನ್ನೂ ಅಳಿಸಿ, ಒಂದೇ ಸ್ಕ್ರಿಪ್ಟಿನಿಂದ ಒಂದೇ ಕ್ರಮದಲ್ಲಿ ಹೊಸದಾಗಿ ಬರೆಯಿಸಿ. ಆ ಒಬ್ಬರದನ್ನಷ್ಟೇ ಕೈಯಿಂದ ತಿದ್ದಿದರೆ ಮುಂದಿನ ಸಲ ಸ್ಕ್ರಿಪ್ಟ್ ಓಡಿದಾಗ ಅದೇ ದೋಷ ವಾಪಸ್ ಬರುತ್ತದೆ. ಹಳೆಯ ಗುಂಪಿನ ಫೋಲ್ಡರಿಗೆ ದಿನಾಂಕ ಸೇರಿಸಿ ಪಕ್ಕಕ್ಕಿಡಿ, ಅದರ ಮೇಲೆಯೇ ಬರೆಯಿಸಬೇಡಿ; ಹಳೆಯದು, ಹೊಸದು ಎರಡನ್ನೂ ಒಂದೇ ಮಿತಿಯಲ್ಲಿ ತೆರೆದು, ಬದಲಾದ ಕ್ಲಸ್ಟರ್‌ಗಳು ಸರಿಪಡಿಸಿದ ಕಾಲಂಗೆ ಹೊಂದುತ್ತವೆಯೇ ಎಂದು ನೋಡಿಕೊಳ್ಳಿ.